ತೊಂಬತ್ತರ ದಶಕದ ಕೊನೆಯ ಪಾಪ್ ಹಾಡುಗಳು: ನನ್ನ ನೆನಪಿನಲ್ಲಿರುವವು ನಂಬರ್ ಒನ್ ಪಟ್ಟಿಯಲ್ಲಿ ಯಾಕಿಲ್ಲ?

ಹಳೇಕ್ಯಾಸೆಟ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿನಾಲ್ಕು ವರ್ಷ, ಕೀಬೋರ್ಡ್ ಕಲಿಯುತ್ತಿದ್ದಾಳೆ. ಹೋದ ವಾರ, "ಅಪ್ಪಾ, ನೀನು ನನ್ನಷ್ಟಿದ್ದಾಗ ಯಾವ ಇಂಗ್ಲಿಷ್ ಹಾಡು ಕೇಳ್ತಿದ್ದೆ? ಬರೆದುಕೊಡು, ಒಂದೊಂದೇ ನುಡಿಸಿ ನೋಡ್ತೀನಿ" ಅಂದಳು. ಮಕ್ಕಳು ತಾವಾಗಿ ಹೀಗೆ ಕೇಳುವುದು ಎಷ್ಟು ಅಪರೂಪ ಅಂತ ಹೆತ್ತವರಿಗೆ ಗೊತ್ತು. ಕೈಗೆ ಸಿಕ್ಕ ಲಕೋಟೆಯ ಹಿಂಬದಿಯಲ್ಲೇ ಬರೆಯಲು ಕೂತೆ. ಯೋಚನೆ ಮಾಡದೆ ಮೊದಲು ಬಂದ ಹೆಸರುಗಳು ಇವು: ಟಾರ್ನ್, ಡೋಂಟ್ ಸ್ಪೀಕ್, ಐರಿಸ್, ಲವ್‌ಫೂಲ್, ಬಿಟರ್ ಸ್ವೀಟ್ ಸಿಂಫನಿ, ಐ ವಾಂಟ್ ಇಟ್ ದಟ್ ವೇ.

ಅಷ್ಟರಲ್ಲಿ ಅವಳು ತನ್ನ ಫೋನಿನಲ್ಲಿ 1996ರಿಂದ 1999ರವರೆಗೆ ಅಮೆರಿಕದಲ್ಲಿ ವಾರವಾರವೂ ಬರುವ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಸ್ಥಾನಕ್ಕೆ ಬಂದ ಹಾಡುಗಳನ್ನೆಲ್ಲ ಹುಡುಕಿ ತೆಗೆದಿದ್ದಳು. ಮಕಾರೆನಾ 14 ವಾರ, ಅನ್‌ಬ್ರೇಕ್ ಮೈ ಹಾರ್ಟ್ 11 ವಾರ, ದ ಬಾಯ್ ಈಸ್ ಮೈನ್ 13 ವಾರ, ಡಯಾನಾ ತೀರಿಕೊಂಡಾಗ ಎಲ್ಟನ್ ಜಾನ್ ಹಾಡಿದ್ದು 14 ವಾರ, ಸ್ಮೂತ್ 12 ವಾರ. ನನ್ನ ಲಕೋಟೆಯನ್ನು ಪಕ್ಕಕ್ಕಿಟ್ಟುಕೊಂಡು ಬೆರಳಿಟ್ಟು ನೋಡಿದಳು. "ಅಪ್ಪಾ, ನಿನ್ನ ಆರರಲ್ಲಿ ಒಂದೂ ಇಲ್ಲಿಲ್ಲ. ಇವು ಹಿಟ್ ಆಗಿದ್ದು ನಿಜಾನಾ?"

ನನಗೆ ಉತ್ತರ ಹೊಳೆಯಲಿಲ್ಲ. ರೇಡಿಯೊ ಹಾಕಿದರೆ ಡೋಂಟ್ ಸ್ಪೀಕ್, ಟಿವಿ ಹಾಕಿದರೆ ಟಾರ್ನ್ ಇರುತ್ತಿದ್ದ ಕಾಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ನನ್ನೊಬ್ಬನ ನೆನಪೋ, ಎಲ್ಲರದ್ದೋ?

ಎರಡನೆಯದು, ಇದೇ ಮುಖ್ಯ. ಆ ನಾಲ್ಕು ವರ್ಷಗಳ ಹಾಡುಗಳಲ್ಲಿ ಇವತ್ತು ಕಿವಿಗೊಟ್ಟು ಕೇಳಿದರೂ ನಿಲ್ಲುವಂಥವು ಯಾವುವು? ನಿಮ್ಮ ಸ್ವಂತ ಅಭಿಪ್ರಾಯ ಬೇಕು. ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಅಂತ ಬಿಡಿಸಿ ಹೇಳಿ. ಅವಳಿಗೆ ಹಾಗೇ ಓದಿ ಹೇಳುತ್ತೇನೆ.


ರಾತ್ರಿರೇಡಿಯೊ

ನಿಮ್ಮ ನೆನಪು ನೆಟ್ಟಗೇ ಇದೆ ಸರ್. ಕಾರಣ ಪಟ್ಟಿಯ ನಿಯಮದಲ್ಲಿದೆ.

ಹಾಟ್ 100ಕ್ಕೆ ಒಂದು ಹಾಡು ಬರಬೇಕಾದರೆ ಅದು ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಅಂಗಡಿಯಲ್ಲಿ ಮಾರಾಟಕ್ಕಿರಬೇಕು ಎಂಬ ನಿಯಮ 1998ರ ಡಿಸೆಂಬರ್‌ವರೆಗೂ ಇತ್ತು. ಕಂಪನಿಗಳು ಇದರ ಒಳಗೇ ಒಂದು ದಾರಿ ಹುಡುಕಿಕೊಂಡಿದ್ದವು. ಹಾಡನ್ನು ರೇಡಿಯೊಗೆ ಕೊಡುವುದು, ಬಿಡಿಯಾಗಿ ಮಾತ್ರ ಮಾರದಿರುವುದು. ಆ ಹಾಡು ಬೇಕೇ ಬೇಕು ಅನ್ನುವವರು ಪೂರ್ತಿ ಆಲ್ಬಂ ಕೊಳ್ಳಬೇಕು. ಹೀಗಾಗಿ ಡೋಂಟ್ ಸ್ಪೀಕ್ ರೇಡಿಯೊ ಪ್ರಸಾರದ ಪಟ್ಟಿಯಲ್ಲಿ 16 ವಾರ ಒಂದನೇ ಸ್ಥಾನದಲ್ಲಿದ್ದರೂ ಹಾಟ್ 100ರಲ್ಲಿ ಅದರ ಹೆಸರೇ ಇಲ್ಲ. ಟಾರ್ನ್ ಅದೇ ರೇಡಿಯೊ ಪಟ್ಟಿಯಲ್ಲಿ 11 ವಾರ, ಐರಿಸ್ 18 ವಾರ ಮೇಲಿದ್ದವು. ನಿಯಮ ಸಡಿಲವಾಗುವ ಹೊತ್ತಿಗೆ ಎರಡರದ್ದೂ ಭರಾಟೆ ಇಳಿದಿತ್ತು. ಐರಿಸ್ ಒಂಬತ್ತನೇ ಸ್ಥಾನ ಮುಟ್ಟಿತು, ಟಾರ್ನ್ 42ಕ್ಕೇ ನಿಂತಿತು.

ಬ್ರಿಟನ್ನಿನ ಪಟ್ಟಿ ಆಗ ಬರೀ ಮಾರಾಟದ ಲೆಕ್ಕ. ಅಲ್ಲಿ ನೋಡಿದರೆ ಡೋಂಟ್ ಸ್ಪೀಕ್ ಮತ್ತು ಐ ವಾಂಟ್ ಇಟ್ ದಟ್ ವೇ ಎರಡೂ ನಂಬರ್ ಒನ್. ಟಾರ್ನ್ ಎರಡನೇ ಸ್ಥಾನ, ಅದರ ತಲೆಯ ಮೇಲೆ ಬಾರ್ಬಿ ಗರ್ಲ್ ಕೂತಿತ್ತು. ಬಿಟರ್ ಸ್ವೀಟ್ ಸಿಂಫನಿಯೂ ಎರಡೇ. ಮಗಳಿಗೆ ಎರಡೂ ದೇಶದ ಪಟ್ಟಿ ತೋರಿಸಿ, ಆಗ ನಿಮ್ಮ ಮಾತು ನಂಬುತ್ತಾಳೆ.

ಹಾಡುಗಳ ಗುಣದ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಶ್ರುತಿಪೆಟ್ಟಿಗೆ ಮೇಡಂ, ಬನ್ನಿ.


ಶ್ರುತಿಪೆಟ್ಟಿಗೆ

ಕರೆದದ್ದಕ್ಕೆ ಬಂದೆ. ಇದು ನನಗೆ ತುಂಬ ಹತ್ತಿರದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಾನು ಹಾಡು ಹೇಳಿಕೊಡುವವಳು. ಶಾಸ್ತ್ರೀಯ ಪಾಠದ ನಡುವೆ ಮಕ್ಕಳು ತಮಗಿಷ್ಟವಾದ ಪಾಪ್ ಹಾಡು ತಂದರೆ ಬೇಡ ಅನ್ನುವುದಿಲ್ಲ. ಆ ಹಾಡಿನ ವಾದ್ಯ, ತಾಳ, ಹಿನ್ನೆಲೆ ಎಲ್ಲ ಬದಿಗಿಟ್ಟು, ಹಾರ್ಮೋನಿಯಂನಲ್ಲಿ ಒಂದು ಷಡ್ಜ ಹಿಡಿದು, ಗಂಟಲಿನಿಂದ ಮಾತ್ರ ಹೇಳಿಸುತ್ತೇನೆ. ಹಾಗೆ ಹೇಳಿದಾಗಲೂ ಹಾಡು ಹಾಡಾಗಿ ಉಳಿದರೆ ಅದರಲ್ಲಿ ಜೀವ ಇದೆ ಅಂತ ನನ್ನ ಲೆಕ್ಕ. ಆ ಕಾಲದ ಎಷ್ಟೋ ದೊಡ್ಡ ಹಿಟ್‌ಗಳು ಈ ಪರೀಕ್ಷೆಯಲ್ಲಿ ಎರಡನೇ ಸಾಲಿಗೇ ಸುಸ್ತಾಗುತ್ತವೆ. ಕೆಲವು ನಿಲ್ಲುತ್ತವೆ.

ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಟಾರ್ನ್.

ಈ ಹಾಡು, ಇದನ್ನು ಹಾಡಿ ಹೆಸರಾದ ನಟಾಲಿ ಇಂಬ್ರೂಲಿಯಾಗಾಗಿ ಬರೆದದ್ದಲ್ಲ. ಆನ್ ಪ್ರೆವೆನ್, ಸ್ಕಾಟ್ ಕಟ್ಲರ್, ಫಿಲ್ ಥಾರ್ನಲಿ ಸೇರಿ ಬರೆದದ್ದು. ಮೊದಲು ರೆಕಾರ್ಡ್ ಆಗಿದ್ದು 1993ರಲ್ಲಿ, ಅದೂ ಡೇನಿಶ್ ಭಾಷೆಯಲ್ಲಿ. ಲಿಸ್ ಸೊರೆನ್ಸನ್ ಹಾಡಿದರು. 1995ರಲ್ಲಿ ಪ್ರೆವೆನ್ ಮತ್ತು ಕಟ್ಲರ್ ಇದ್ದ ಎಡ್ನಾಸ್ವಾಪ್ ಎಂಬ ರಾಕ್ ತಂಡ ಇದನ್ನು ಇಂಗ್ಲಿಷಿನಲ್ಲಿ ಹೊರತಂದಿತು. 1996ರಲ್ಲಿ ನಾರ್ವೆಯ ಟ್ರೀನೆ ರೈನ್ ಹಾಡಿದರು. 1997ರ ಕೊನೆಗೆ ಇಂಬ್ರೂಲಿಯಾ. ಅದೇ ಮಟ್ಟು, ಹೆಚ್ಚುಕಮ್ಮಿ ಅದೇ ಮಾತು. ನಾಲ್ಕನೇ ಸಲಕ್ಕೆ ಲೋಕವೆಲ್ಲ ಹಾಡಿತು. ಯಾಕೆ?

ಎಡ್ನಾಸ್ವಾಪ್‌ನ ಹಾಡಿಕೆಯಲ್ಲಿ ನೋವು ಮೊದಲಿನಿಂದಲೇ ಹೊರಗೆ ನಿಂತಿದೆ. ಗಿಟಾರ್ ಗುಡುಗುತ್ತದೆ, ಗಂಟಲು ಹರಿಯುತ್ತದೆ. ಇಂಬ್ರೂಲಿಯಾ ಅಳುವುದಿಲ್ಲ. ರಾತ್ರಿಯೆಲ್ಲ ಅತ್ತು ಮುಗಿಸಿ ಬೆಳಿಗ್ಗೆ ಗೆಳತಿಯೊಬ್ಬಳಿಗೆ ನಡೆದದ್ದನ್ನು ಹೇಳುವವಳ ದನಿ ಅದು. ಚರಣದ ಸಾಲುಗಳನ್ನು ಹೆಚ್ಚುಕಮ್ಮಿ ಮಾತಾಡಿದ ಹಾಗೆ ಹೇಳುತ್ತಾಳೆ, ಸಾಲಿನ ಕೊನೆಯ ಅಕ್ಷರವನ್ನು ಪೂರ್ತಿ ಮಾಡದೆ ಉಸಿರಿಗೆ ಬಿಟ್ಟುಕೊಡುತ್ತಾಳೆ. ಪಲ್ಲವಿ ಮೇಲಕ್ಕೆ ಹೋಗುತ್ತದೆ, ದನಿ ಮಾತ್ರ ದೊಡ್ಡದಾಗುವುದಿಲ್ಲ. ಕೊನೆಯಲ್ಲಿ ಮಾತು ಮುಗಿದ ಮೇಲೆ ಸ್ಲೈಡ್ ಗಿಟಾರ್ ಬರುತ್ತದೆ ನೋಡಿ, ಅವಳು ಅಷ್ಟು ಹೊತ್ತು ತಡೆಹಿಡಿದ ಅಳುವನ್ನೆಲ್ಲ ಆ ತಂತಿ ಜಾರಿಸಿ ಹೇಳುತ್ತದೆ. ಇದು ನನ್ನ ಕಿವಿಯ ಮಾತು, ಬೇರೆಯವರಿಗೆ ಬೇರೆ ಕೇಳಿಸಬಹುದು.

ಅದರ ವಿಡಿಯೋ ಮಗಳಿಗೆ ತೋರಿಸಿ. ಒಂದು ಕೋಣೆ, ಅವಳು, ಒಬ್ಬ ಗಂಡಸು. ಕ್ಯಾಮೆರಾ ನಿಂತಲ್ಲಿಂದ ಹೆಚ್ಚು ಕದಲುವುದೇ ಇಲ್ಲ. ಕೊನೆಯಲ್ಲಿ ಕೆಲಸದವರು ಬಂದು ಆ ಕೋಣೆಯ ಗೋಡೆಗಳನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಅದು ಮನೆಯಲ್ಲ, ಚಿತ್ರೀಕರಣಕ್ಕೆ ಹಾಕಿದ ಸೆಟ್. ಅವಳು ಅದರ ನಡುವೆ ಕುಣಿಯುತ್ತಲೇ ಇರುತ್ತಾಳೆ. ನನಗೆ ಆಗ ಹದಿನೇಳು. ಮನೆಯೊಂದು ಕಣ್ಣೆದುರೇ ಮಡಚಿಕೊಂಡು ಹೋದದ್ದನ್ನು ನೋಡಿ ಟಿವಿ ಮುಂದೆ ಸುಮ್ಮನೆ ಕೂತುಬಿಟ್ಟಿದ್ದೆ.

ಇನ್ನೊಂದು ಹೇಳಲೇಬೇಕು. ಆಗ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಿಡಿದುಕೊಂಡು, ಒಂದು ಸಾಲು ಕೇಳುವುದು, ನಿಲ್ಲಿಸುವುದು, ಬರೆಯುವುದು, ಹಿಂದಕ್ಕೆ ಸುತ್ತುವುದು. ಇಂಗ್ಲಿಷ್ ಉಚ್ಚಾರ ಹಿಡಿಯುತ್ತಿರಲಿಲ್ಲವಾದ್ದರಿಂದ ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೆ. ಕೇಳಿಸದ ಕಡೆ ಒಂದು ಅಡ್ಡಗೆರೆ. ಟಾರ್ನ್ ಪುಟದಲ್ಲಿ ಹನ್ನೊಂದು ಅಡ್ಡಗೆರೆ ಇದ್ದವು. ವರ್ಷಗಳಾದ ಮೇಲೆ ಸಾಹಿತ್ಯ ಸಿಕ್ಕಿತು, ಒಂದೊಂದನ್ನೇ ತುಂಬಿಸಿದೆ. ಆಗ ಗೊತ್ತಾಯಿತು: ನನಗೆ ಕೇಳಿಸದೆ ಹೋಗಿದ್ದ ಜಾಗಗಳಲ್ಲಿ ಬಹುಪಾಲು ಅವಳು ಉಸಿರಿಗೆ ಬಿಟ್ಟುಕೊಟ್ಟ ಅಕ್ಷರಗಳೇ. ಆ ಪುಟವನ್ನು ಈಗಲೂ ಶಿಷ್ಯರಿಗೆ ತೋರಿಸುತ್ತೇನೆ. ಮಾತು ಎಲ್ಲಿ ಗಾಳಿಯಾಗಬೇಕು ಅನ್ನುವುದನ್ನು ನಾನು ಕಲಿತದ್ದು ಅದರಿಂದ.

ಬ್ರಿಟ್ನಿ ಸ್ಪಿಯರ್ಸ್‌ಳ ಬೇಬಿ ಒನ್ ಮೋರ್ ಟೈಮ್ ವಿಷಯದಲ್ಲಿ ನಾನು ಹತ್ತು ವರ್ಷ ತಪ್ಪು ಮಾಡಿದೆ. ಕಾರ್ಖಾನೆಯ ಮಾಲು ಅಂತ ಮೂಗು ಮುರಿಯುತ್ತಿದ್ದೆ. ಆಮೇಲೆ ಒಬ್ಬ ಶಿಷ್ಯೆ ಅದನ್ನು ಬರೀ ಪಿಯಾನೊ ಜೊತೆ, ನಿಧಾನ ಲಯದಲ್ಲಿ ಹಾಡಿದಳು. ಕುಣಿತ ಹೋಯಿತು, ಬಣ್ಣ ಹೋಯಿತು, ಉಳಿದದ್ದು ರಾತ್ರಿಯಲ್ಲಿ ಒಬ್ಬಳೇ ಕೂತು ಫೋನಿಗಾಗಿ ಕಾಯುವ ಹುಡುಗಿ. ಮೊದಲ ಮೂರು ಪಿಯಾನೊ ಸ್ವರ ಕೇಳಿ, ಅಷ್ಟರಲ್ಲೇ ಹಾಡಿನ ಮುಖ ಕಂಡುಬಿಡುತ್ತದೆ. ಬರೆದದ್ದು ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್, ಸ್ಟಾಕ್‌ಹೋಮ್‌ನ ಶೀರಾನ್ ಸ್ಟುಡಿಯೊ ಬಳಗದವರು. ಮೊದಲು ಟಿಎಲ್‌ಸಿ ತಂಡಕ್ಕೆ ಕೊಟ್ಟಿದ್ದರು, ಅವರು ಬೇಡವೆಂದರು. ಪಲ್ಲವಿಯಲ್ಲಿ "ಹೊಡಿ" ಅನ್ನುವ ಅರ್ಥ ಬರುವ ಮಾತಿದೆಯಲ್ಲ, ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು "ಫೋನ್ ಮಾಡು" ಅಂತ. ಪರಭಾಷೆಯಲ್ಲಿ ಬರೆಯುವವರಿಗೆ ಆಗುವ ಎಡವಟ್ಟು. ರೆಕಾರ್ಡ್ ಮಾಡುವಾಗ ಬ್ರಿಟ್ನಿಗೆ ಹದಿನಾರು. ಮೊದಲ ಮಾತಿನಲ್ಲೇ ಗಂಟಲಿನ ತಳದಿಂದ ಕಿರುಗುಡಿಸುವ ಆ ದನಿಯನ್ನು ಯಾರೂ ಮರೆಯುವುದಿಲ್ಲ. ಮಕ್ಕಳು ಅದನ್ನು ಅನುಕರಿಸಿ ಗಂಟಲು ಕೆಡಿಸಿಕೊಳ್ಳುತ್ತಾರೆ, ನಿಮ್ಮ ಮಗಳು ಹಾಡುವವಳಾದರೆ ಅದೊಂದು ಎಚ್ಚರ.

ಐ ವಾಂಟ್ ಇಟ್ ದಟ್ ವೇ ಅರ್ಥ ಕೂಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜ. "ಹಾಗೆ ಬೇಕು" ಅನ್ನುವುದು ಒಂದು ಕಡೆ ಹೀಗೆ, ಇನ್ನೊಂದು ಕಡೆ ಅದಕ್ಕೆ ತದ್ವಿರುದ್ಧ. ಅರ್ಥ ಸರಿಮಾಡಿದ ಇನ್ನೊಂದು ಸಾಹಿತ್ಯವನ್ನೂ ಬರೆಸಿ ಹಾಡಿಸಿದ್ದರು. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹುಡುಗರು ಹಳೆಯದನ್ನೇ ಉಳಿಸಿಕೊಂಡರು. ಹಾಡು ಹೇಳಿಕೊಡುವವಳಾಗಿ ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಪಲ್ಲವಿಯ ಸಾಲು ಮುಗಿಯುವ ಸ್ವರಗಳಲ್ಲಿ ಏಕಾರ ಕೂತಿದೆ. ಬಾಯಿ ಅರೆ ತೆರೆದು, ನಗುವಿಗೂ ಅಳುವಿಗೂ ಸಮನಾಗಿ ಒದಗುವ ಅಕ್ಷರ ಅದು, ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಕೊನೆಯ ಪಲ್ಲವಿಗೆ ಶ್ರುತಿ ಏರುವಾಗ ಆ ಏಕಾರವೇ ಹಾಡನ್ನು ಎತ್ತಿ ಹಿಡಿಯುತ್ತದೆ. ಅರ್ಥಕ್ಕಾಗಿ ಅಲ್ಲಿ ಬೇರೆ ಅಕ್ಷರ ತುರುಕಿದ್ದರೆ ಹೀಗಾಗುತ್ತಿರಲಿಲ್ಲ.

ಡೋಂಟ್ ಸ್ಪೀಕ್ ಬಗ್ಗೆ ಒಂದೇ ಮಾತು. ಗ್ವೆನ್ ಸ್ಟೆಫಾನಿ ಹಾಡುವಾಗ ಪಕ್ಕದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವನು ಅವಳನ್ನು ಬಿಟ್ಟುಹೋದ ಟೋನಿ ಕನಾಲ್. ಒಂದೇ ತಂಡ, ಒಂದೇ ವೇದಿಕೆ, ದಿನಾ ರಾತ್ರಿ ಅದೇ ಹಾಡು. ಇದನ್ನು ತಿಳಿದ ಮೇಲೆ ನಾನು ಆ ಹಾಡಿನಲ್ಲಿ ಬಾಸ್ ಅನ್ನೇ ಹೆಚ್ಚು ಕೇಳುತ್ತೇನೆ.

ಹ್ಯಾನ್ಸನ್ ಸೋದರರ ಉಮ್‌ಬಾಪ್ ಅನ್ನು ಮಕ್ಕಳಾಟ ಅಂತ ತಳ್ಳಬೇಡಿ. 1997ರಲ್ಲಿ ಅದು ಒಂದನೇ ಸ್ಥಾನಕ್ಕೆ ಬಂದಾಗ ಅಣ್ಣನಿಗೆ ಹದಿನಾರು, ನಡುವಿನವನಿಗೆ ಹದಿನಾಲ್ಕು, ಚಿಕ್ಕವನಿಗೆ ಹನ್ನೊಂದು. ಅರ್ಥವಿಲ್ಲದ ಪಲ್ಲವಿಯ ಪಕ್ಕದ ಚರಣಗಳಲ್ಲಿ ಇರುವುದು ಮುಪ್ಪು, ಬಿಟ್ಟುಹೋಗುವ ಸ್ನೇಹಿತರು, ಕೊನೆಗೆ ಉಳಿಯುವ ಒಬ್ಬಿಬ್ಬರು. ಹದಿನಾಲ್ಕರ ಹುಡುಗಿಗೆ ಹದಿನಾಲ್ಕರ ಹುಡುಗ ಹಾಡಿದ್ದನ್ನು ಕೇಳಿಸಿ.


ಕುಣಿಯೋಣಬಾರಾ

ಮೇಡಂ, ನಿಮ್ಮ ಬರಹ ಎರಡು ಸಲ ಓದಿದೆ. ಟಾರ್ನ್ ವಿಷಯ ಒಪ್ಪಿದೆ. ಆದರೆ ಹಾರ್ಮೋನಿಯಂ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ.

ತಾಳ ತೆಗೆದಿಟ್ಟು ಹಾಡನ್ನು ತೂಗಿದರೆ, ತಾಳದಲ್ಲೇ ಜೀವ ಇಟ್ಟುಕೊಂಡ ಹಾಡುಗಳಿಗೆ ಅನ್ಯಾಯವಾಗುತ್ತದೆ. ಟಿಎಲ್‌ಸಿಯ ನೋ ಸ್ಕ್ರಬ್ಸ್ ತೆಗೆದುಕೊಳ್ಳಿ. 1999ರಲ್ಲಿ ನಾಲ್ಕು ವಾರ ನಂಬರ್ ಒನ್. ಕ್ಯಾಂಡಿ ಬರ್ರಸ್, ಟಮೀಕಾ ಕಾಟಲ್ ಎಂಬ ಇಬ್ಬರು ಹೆಂಗಸರು ಶೇಕ್ಸ್‌ಪಿಯರ್ ಎಂಬ ಅಡ್ಡಹೆಸರಿನ ನಿರ್ಮಾಪಕನ ಜೊತೆ ಸೇರಿ ಬರೆದ ಹಾಡು. ಅಲ್ಲಿ ಮಾತು ಬಡಿತದ ಮೇಲೆ ಬೀಳುವುದಿಲ್ಲ, ಎರಡು ಬಡಿತದ ನಡುವಿನ ಸಂದಿಯಲ್ಲಿ ನುಸುಳುತ್ತದೆ. "ನೀನು ನನಗೆ ತಕ್ಕವನಲ್ಲ, ಆಚೆ ನಡಿ" ಅನ್ನುವ ಧೈರ್ಯ ಬರುವುದೇ ಆ ನಡಿಗೆಯಿಂದ. ಷಡ್ಜ ಹಿಡಿದು ಹಾಡಿದರೆ ಆ ನಡಿಗೆ ಎಲ್ಲಿರುತ್ತದೆ?

ಇನ್ನು ಶೇರ್ ಎಂಬ ಗಾಯಕಿ ಹಾಡಿದ ಬಿಲೀವ್. ನನ್ನ ಮಟ್ಟಿಗೆ ಆ ದಶಕದ ಹಾಡು ಅದೇ. ಅಮೆರಿಕದಲ್ಲಿ ಅವರ ಹಿಂದಿನ ನಂಬರ್ ಒನ್ ಬಂದಿದ್ದು 1974ರಲ್ಲಿ. ಇಪ್ಪತ್ತೈದು ವರ್ಷ ಕಳೆದು, ಐವತ್ತೆರಡನೇ ವಯಸ್ಸಿಗೆ, 1999ರ ಮಾರ್ಚ್‌ನಲ್ಲಿ ಮತ್ತೆ ಒಂದನೇ ಸ್ಥಾನ. ಬ್ರಿಟನ್ನಿನಲ್ಲಿ ಅದಕ್ಕೂ ಮೊದಲೇ ಏಳು ವಾರ. ಬಿಟ್ಟುಹೋದವನ ಮುಂದೆ ಕಣ್ಣೀರಿಡದೆ ಕುಣಿಯಲು ಹೋಗುವ ಹೆಂಗಸಿನ ಹಾಡು ಅದು. ನನ್ನ ಅಕ್ಕನ ಮದುವೆ ಮುರಿದ ವರ್ಷ ನಮ್ಮ ಮನೆಯಲ್ಲಿ ಅದೊಂದೇ ಕ್ಯಾಸೆಟ್ ಓಡಿದ್ದು. ಅವಳು ಬಾಗಿಲು ಹಾಕಿಕೊಂಡು ಕುಣಿಯುತ್ತಿದ್ದಳು, ನೆಲ ಅದುರುವುದು ನನಗೆ ಪಕ್ಕದ ಕೋಣೆಗೆ ಗೊತ್ತಾಗುತ್ತಿತ್ತು. ಅಮ್ಮ ಬಾಗಿಲು ತಟ್ಟಲು ಹೋದಾಗ ಅಪ್ಪ ಕೈ ಹಿಡಿದು ತಡೆದರು. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಹಾಡಿಗೆ ಬೇಕು?

ನಂಬರ್ ಒನ್ ಅಂದರೆ ಇಷ್ಟು ಜನಕ್ಕೆ ಆ ಹಾಡು ಬೇಕಾಗಿತ್ತು ಅಂತ. ಅದನ್ನು ಹಗುರ ಮಾಡಬಾರದು. ಹಾಗೆಯೇ ಮೇಲೆ ಹೋಗದೆ ನಿಂತದ್ದನ್ನೂ ನೋಡಿ, ಲೀಆನ್ ರೈಮ್ಸ್ ಹಾಡಿದ ಹೌ ಡು ಐ ಲಿವ್ ಎರಡನೇ ಸ್ಥಾನ ದಾಟಲೇ ಇಲ್ಲ, ಆದರೆ ಹಾಟ್ 100ರಲ್ಲಿ 69 ವಾರ ಉಳಿಯಿತು. ಅದು ಬರೀ ಜಾಹೀರಾತಿನಿಂದ ಆಗುವ ಕೆಲಸವಲ್ಲ.


ಶ್ರುತಿಪೆಟ್ಟಿಗೆ

ನಿಮ್ಮ ಅಕ್ಕನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮ್ಮ ತಂದೆ ಮಾಡಿದ್ದು ದೊಡ್ಡ ಕೆಲಸ.

ನೋ ಸ್ಕ್ರಬ್ಸ್ ಬಗ್ಗೆ ನೀವು ಹೇಳಿದ್ದು ಸರಿ, ಅಲ್ಲಿ ನನ್ನ ಅಳತೆಗೋಲು ಸಾಲದು. ಲಯದ ಸಂದಿಯಲ್ಲಿ ಮಾತು ನುಸುಳುವುದು ಅಂದಿರಲ್ಲ, ನಮ್ಮಲ್ಲಿ ಅನಾಗತ ಎಡುಪು, ಅಂದರೆ ತಾಳ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವುದನ್ನು, ಕಲಿಸುವಾಗ ಇದನ್ನೇ ಹೇಳುತ್ತೇವೆ. ಅದನ್ನು ಆ ಹಾಡಿಗೆ ಜೋಡಿಸಿ ಯೋಚಿಸಿರಲಿಲ್ಲ.

ಬಿಲೀವ್ ಮಾತ್ರ ಹಾರ್ಮೋನಿಯಂ ಪರೀಕ್ಷೆಯಲ್ಲಿ ಬೀಳುವುದಿಲ್ಲ. ಅದನ್ನು ನನಗೆ ಅರ್ಥಮಾಡಿಸಿದ್ದೇ ಹಾರ್ಮೋನಿಯಂ. ಒಬ್ಬ ಶಿಷ್ಯೆ ಬಂದು, "ಟೀಚರ್, ಮೊದಲ ಚರಣದಲ್ಲಿ ದನಿ ಮುರಿದು ಮುರಿದು ಬರುತ್ತಲ್ಲ, ಅದನ್ನು ಗಂಟಲಲ್ಲಿ ಹೇಗೆ ತರೋದು?" ಅಂದಳು. ಬಾಯಲ್ಲಿ ಹೇಳಲು ಹೋದೆ, ಆಗಲಿಲ್ಲ. ನಮ್ಮ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಜಾಗವನ್ನು ಸವರಿಕೊಂಡೇ ಹೋಗುತ್ತದೆ. ಜಾರು ಅಂತ ನಾವು ಕರೆಯುವುದು ಅದನ್ನೇ. ಬೇಡವೆಂದರೂ ಒಂದಿಷ್ಟು ಜಾರು ಬಂದೇ ಬರುತ್ತದೆ. ಆಗ ಹಾರ್ಮೋನಿಯಂ ಎಳೆದು ಅದೇ ಸಾಲನ್ನು ಕೀಯಿಂದ ಕೀಗೆ ಬೆರಳು ಎತ್ತಿ ಎತ್ತಿ ಒತ್ತಿದೆ. ಅವಳು ಕೂಡಲೇ, "ಇದೇ, ಇದೇ" ಅಂದಳು. ಹಾರ್ಮೋನಿಯಂನಲ್ಲಿ ಜಾರು ಇಲ್ಲ. ಎರಡು ಸ್ವರಗಳ ನಡುವೆ ಅದಕ್ಕೆ ಜಾಗವೇ ಇಲ್ಲ.

ಶೇರ್ ದನಿಗೆ ಆಗಿದ್ದೂ ಅದೇ. ಆಟೋಟ್ಯೂನ್ ಎಂಬ ತಂತ್ರಾಂಶ 1997ರಲ್ಲಿ ಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಮಿಯೊಳಗೆ ಕಳಿಸಿದ ಕಂಪನಗಳ ಪ್ರತಿಧ್ವನಿ ಓದಿ ತೈಲ ಎಲ್ಲಿದೆ ಎಂದು ಪತ್ತೆಮಾಡುವ ಲೆಕ್ಕದಲ್ಲಿದ್ದವರು. ತಪ್ಪಿದ ಶ್ರುತಿಯನ್ನು ಯಾರಿಗೂ ಗೊತ್ತಾಗದ ಹಾಗೆ ಮೆಲ್ಲಗೆ ಸರಿಪಡಿಸಲು ಅದನ್ನು ಮಾಡಿದ್ದು. ಎಷ್ಟು ಬೇಗ ಸರಿಪಡಿಸಬೇಕು ಅಂತ ಅದರಲ್ಲಿ ಒಂದು ಅಳತೆ ಇದೆ. ಬಿಲೀವ್ ನಿರ್ಮಾಪಕರು ಅದನ್ನು ಸೊನ್ನೆಗೆ ಇಳಿಸಿದರು. ಆಗ ದನಿಗೆ ಜಾರಲು ಸಮಯವೇ ಸಿಗದೆ ಮೆಟ್ಟಿಲು ಹಾರಿದ ಹಾಗೆ ಹಾರತೊಡಗಿತು. ಗುಟ್ಟು ಬಿಡಬಾರದೆಂದು ಮೊದಲು ಅದು ವೋಕೋಡರ್ ಎಂಬ ಬೇರೆ ಯಂತ್ರದ ಕೆಲಸ ಅಂತ ಹೇಳಿದ್ದರು.

ನನ್ನ ಅಭಿಪ್ರಾಯ ಇಷ್ಟು. ದುಃಖ ಇರುವುದೇ ಜಾರಿನಲ್ಲಿ. ಅಳುವವರ ದನಿ ಜಾರುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಬಿಲೀವ್‌ನ ಮೊದಲ ಚರಣದಲ್ಲಿ ಯಂತ್ರ ಆ ಜಾರನ್ನು ಕತ್ತರಿಸಿದಾಗ ನನಗೆ ಕೇಳಿಸುವುದು ಅಳಲು ಒಪ್ಪದ ಗಂಟಲು. ಆಮೇಲೆ ಪಲ್ಲವಿಯಲ್ಲಿ ಅವರ ಸ್ವಂತ ದನಿ, ತುಂಬಿದ ದಪ್ಪ ದನಿ, ಎದೆಯಿಂದ ಬರುತ್ತದೆ. ಈ ಎರಡರ ನಡುವಿನ ದೂರವೇ ಹಾಡು. ಮುಂದೆ ಎಲ್ಲರೂ ಅದೇ ಯಂತ್ರವನ್ನು ಹಾಡಿನುದ್ದಕ್ಕೂ ಬಳಿದರು, ಆಗ ಈ ದೂರ ಉಳಿಯಲಿಲ್ಲ. ಅವು ನನಗೆ ಹಿಡಿಸುವುದಿಲ್ಲ.

ಹಳೇಕ್ಯಾಸೆಟ್ ಅವರೇ, ಮಗಳಿಗೆ ಐರಿಸ್ ನುಡಿಸಲು ಕೊಡುವ ಮುಂಚೆ ಒಂದು ಮಾತು ಹೇಳಿ. ಅದರ ಗಿಟಾರಿನ ಆರು ತಂತಿಗಳಲ್ಲಿ ಐದನ್ನು ಒಂದೇ ಸ್ವರಕ್ಕೆ, ಡಿ ಸ್ವರಕ್ಕೆ, ಹೊಂದಿಸಿದ್ದಾರೆ. ಕೈ ಬದಲಾದರೂ ಆ ಸ್ವರ ಹಿಂದೆ ತಂಬೂರಿಯ ಹಾಗೆ ಮೊಳಗುತ್ತಲೇ ಇರುತ್ತದೆ. ಕೀಬೋರ್ಡಿನಲ್ಲಿ ಎಡಗೈ ಕಿರುಬೆರಳಿನಿಂದ ಡಿ ಹಿಡಿದುಕೊಂಡೇ ಇರಲಿ, ಬಲಗೈ ಮಾತ್ರ ಓಡಾಡಲಿ. ಒಂದೇ ಸಲಕ್ಕೆ ಹಾಡಿನ ಗುಟ್ಟು ಕೈಗೆ ಬರುತ್ತದೆ.


ರಾತ್ರಿರೇಡಿಯೊ

ಬಿಟರ್ ಸ್ವೀಟ್ ಸಿಂಫನಿ ಯಾರೂ ಮುಟ್ಟಲಿಲ್ಲ, ನಾನೇ ಹೇಳುತ್ತೇನೆ. ಮೊದಲಿಗೇ ಬರುವ ಪಿಟೀಲಿನ ಅಲೆ ಆಂಡ್ರೂ ಓಲ್ಡ್‌ಹ್ಯಾಮ್ ವಾದ್ಯವೃಂದ ಅರವತ್ತರ ದಶಕದಲ್ಲಿ ರೋಲಿಂಗ್ ಸ್ಟೋನ್ಸ್‌ನ ಒಂದು ಹಾಡನ್ನು ನುಡಿಸಿದ್ದ ರೆಕಾರ್ಡಿನಿಂದ ತೆಗೆದದ್ದು. ಹಕ್ಕಿನ ಜಗಳದಲ್ಲಿ ಸಾಹಿತ್ಯ ಬರೆದು ಹಾಡಿದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಹಾಡಿನ ಪ್ರಕಾಶನದ ಹಕ್ಕೇ ತಪ್ಪಿಹೋಯಿತು, ರಚನೆಗಾರರ ಜಾಗದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಜಾಗರ್ ಮತ್ತು ರಿಚರ್ಡ್ಸ್ ಹೆಸರು ಸೇರಿತು. 2019ರಲ್ಲಿ ಅವರಿಬ್ಬರೂ ತಮ್ಮ ಪಾಲನ್ನು ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಇಪ್ಪತ್ತೆರಡು ವರ್ಷ ಆಯಿತು. ನನಗೆ ಆ ಸುದ್ದಿ ಓದಿದ ದಿನ ಸ್ವಂತದವರಿಗೆ ನ್ಯಾಯ ಸಿಕ್ಕಷ್ಟು ಸಮಾಧಾನವಾಗಿತ್ತು. ಈಗ ಕೇಳಿದರೂ ಆ ಪಿಟೀಲು ಶುರುವಾದರೆ ಕೈಯ ಕೆಲಸ ನಿಲ್ಲಿಸುತ್ತೇನೆ.


ಹಳೇಕ್ಯಾಸೆಟ್

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ರಾತ್ರಿ ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಪಟ್ಟಿಯ ನಿಯಮದ ವಿಷಯ ಕೇಳಿ, "ಹಾಗಾದರೆ ನೀನು ಹೇಳಿದ್ದು ಸರಿ" ಅಂದಳು. ಕುಣಿಯೋಣಬಾರಾ ಅವರ ಅಕ್ಕನ ಕತೆ ಬಂದಾಗ ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಾನೇ ಓದಿದಳು. ಅಕ್ಕ ಈಗ ಹೇಗಿದ್ದಾರೆ ಅಂತ ಕೇಳಲು ಹೇಳಿದ್ದಾಳೆ.

ಐರಿಸ್‌ಗೆ ಎಡಗೈಯಲ್ಲಿ ಡಿ ಹಿಡಿಯುವ ಉಪಾಯ ಕೂಡಲೇ ಮಾಡಿ ನೋಡಿದಳು. ಮೊದಲ ಸಲ ಕಿರುಬೆರಳು ಎತ್ತಿಹೋಯಿತು, ಎರಡನೇ ಸಲ ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹಾಡು ಬರೀ ಕೀಬೋರ್ಡಿನಲ್ಲಿ ಅಷ್ಟು ಒಂಟಿಯಾಗಿ ಕೇಳಿಸುತ್ತದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಅವಳು ಹುಡುಕಿದ್ದು ನಾನು ಬರೆದುಕೊಟ್ಟ ಯಾವುದನ್ನೂ ಅಲ್ಲ, ಟಾರ್ನ್‌ನ ಆ ಡೇನಿಶ್ ಹಾಡನ್ನು. ಅದರ ಹೆಸರಿಗೆ "ಸುಟ್ಟದ್ದು" ಅಂತ ಅರ್ಥವಂತೆ. ಈಗ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಳೆ, ಮುಂದೆ ನೋಟ್‌ಪುಸ್ತಕ. ಶ್ರುತಿಪೆಟ್ಟಿಗೆ ಮೇಡಂ, ಒಂದು ಸಾಲು ಕೇಳುತ್ತಾಳೆ, ನಿಲ್ಲಿಸುತ್ತಾಳೆ, ಕನ್ನಡ ಅಕ್ಷರದಲ್ಲಿ ಬರೆಯುತ್ತಾಳೆ. ಈಗಾಗಲೇ ಪುಟದ ತುಂಬ ಅಡ್ಡಗೆರೆ.